ಅಂಗಡಿ ಕಳವು: ವಿಡಿಯೊ ಹಾಕುವ ಮೊದಲು ಒಂದು ಮಾತು

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ವಿಡಿಯೊ ರಾಜ್ಯದ ತುಂಬಾ ಹರಿದಾಡಿತ್ತು. ಸೀರೆ ಕದ್ದ ಆರೋಪ ಹೊತ್ತ ಹೆಂಗಸೊಬ್ಬಳನ್ನು ಅಂಗಡಿಯವರು ರಸ್ತೆಗೆ ಎಳೆದು ತುಳಿಯುವ ದೃಶ್ಯ. ಸುತ್ತ ಜನ ನಿಂತು ನೋಡುತ್ತಿದ್ದರು. ಕೊನೆಗೆ ಆದದ್ದೇನು? ಆ ಹೆಂಗಸಿನ ಮೇಲೆ ಕಳವಿನ ಕೇಸು ಆಯಿತು. ಹೊಡೆದದ್ದಕ್ಕೆ ಅಂಗಡಿಯ ಮಾಲಕ ಮತ್ತು ಕೆಲಸದವನೂ ಬಂಧನಕ್ಕೊಳಗಾದರು. ಸಾಮಾನು ಕಳೆದುಕೊಂಡವರೇ ಆರೋಪಿಗಳಾಗಿ ಪೊಲೀಸ್ ಠಾಣೆಯಲ್ಲಿ ಕುಳಿತುಕೊಳ್ಳಬೇಕಾಯಿತು.

ಇದು ಬೆಂಗಳೂರಿನ ಕಥೆ, ನಮಗೇಕೆ ಎಂದು ಬಿಡುವ ಹಾಗಿಲ್ಲ. ಮಂಗಳೂರಿನ ಹಂಪನಕಟ್ಟೆಯಿಂದ ಬಿ.ಸಿ.ರೋಡ್‌ವರೆಗೆ, ತೊಕ್ಕೊಟ್ಟಿನಿಂದ ಉಪ್ಪಿನಂಗಡಿವರೆಗೆ ಬಟ್ಟೆ, ಚಪ್ಪಲಿ, ಫ್ಯಾನ್ಸಿ, ದಿನಸಿ ಅಂಗಡಿ ಇಟ್ಟವರಲ್ಲಿ ಬ್ಯಾರಿಗಳು ಎಷ್ಟು ಮಂದಿ ಎಂದು ಹೇಳಬೇಕಾಗಿಲ್ಲ. ಅದೇ ಅಂಗಡಿಗಳಲ್ಲಿ ಸೇಲ್ಸ್‌ಮನ್ ಆಗಿರುವವರೂ ನಮ್ಮ ಹುಡುಗರು, ಸೇಲ್ಸ್‌ಗರ್ಲ್ ಆಗಿರುವವರೂ ನಮ್ಮ ಹೆಣ್ಣುಮಕ್ಕಳು. ಪೆರ್ನಾಲ್ ಖರೀದಿಗೆ ಮುಗಿಬೀಳುವ ಗಿರಾಕಿಗಳೂ ನಾವೇ. ಅಂಗಡಿ ಕಳವಿನ ಒಂದು ಕೇಸು ನಡೆದರೆ ಕೌಂಟರಿನ ಆ ಬದಿಯಲ್ಲೂ ಈ ಬದಿಯಲ್ಲೂ ನಮ್ಮ ಮನೆಯವರೇ ಇರಬಹುದು. ಹಾಗಾಗಿ ಈ ವಿಷಯವನ್ನು ಧಣಿಯ ಕಣ್ಣಿನಿಂದ ಮಾತ್ರ ಅಥವಾ ಸಿಕ್ಕಿಬಿದ್ದವರ ಕಣ್ಣಿನಿಂದ ಮಾತ್ರ ನೋಡಿದರೆ ಸಾಲುವುದಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಮೊದಲ ಸಲ ಸಣ್ಣದೊಂದು ವಸ್ತು ಕದ್ದವರನ್ನೂ, ಗ್ಯಾಂಗ್ ಕಟ್ಟಿಕೊಂಡು ಬಂದು ದೋಚುವವರನ್ನೂ ಬೇರೆ ಬೇರೆ ಮಾಡಿ ಇಟ್ಟಿದೆ. ನಾವು ಮಾತ್ರ ಇಬ್ಬರನ್ನೂ ಒಂದೇ ಕಂಬಕ್ಕೆ ಕಟ್ಟುತ್ತಿದ್ದೇವೆ, ಒಂದೇ ವಿಡಿಯೊದಲ್ಲಿ ತೋರಿಸುತ್ತಿದ್ದೇವೆ. ಇದರಿಂದ ಅಂಗಡಿಗೂ ಲಾಭವಿಲ್ಲ, ಊರಿಗೂ ಇಲ್ಲ.

ಕದಿಯುವವರು ಯಾರು?

ಹಿಂದೆ ಬಂದರಿನ ದಿನಸಿ ಅಂಗಡಿಯಲ್ಲಾಗಲಿ ಹಳ್ಳಿಯ ಬಟ್ಟೆ ಅಂಗಡಿಯಲ್ಲಾಗಲಿ ಸಾಮಾನು ಇದ್ದದ್ದು ಅಂಗಡಿಯವರ ಬೆನ್ನ ಹಿಂದೆ. ಗಿರಾಕಿ ಕೇಳಬೇಕು, ಅವರು ತೆಗೆದುಕೊಡಬೇಕು. ಕೈಯಲ್ಲಿ ಕಾಸಿಲ್ಲದಿದ್ದರೆ 'ಲೆಕ್ಕದಲ್ಲಿ ಬರೆದಿಡಿ' ಎನ್ನುವ ದಾರಿಯೂ ಇತ್ತು. ಈಗ ಸೂಪರ್ ಮಾರ್ಕೆಟಿನಲ್ಲಿ ಬುಟ್ಟಿ ನಮ್ಮ ಕೈಯಲ್ಲಿ, ಸಾಮಾನು ನಮ್ಮ ಎದುರಲ್ಲಿ. ಮುಟ್ಟಿ ನೋಡು, ತೆಗೆದುಕೋ ಎಂದು ಕರೆಯುವ ಹಾಗೆಯೇ ಜೋಡಿಸಿರುತ್ತಾರೆ. ಸಾಲದ ಪುಸ್ತಕ ಅಲ್ಲಿಲ್ಲ. ಅದರ ಬದಲಿಗೆ ತಲೆಯ ಮೇಲೆ ಸಿಸಿಟಿವಿ, ಬಾಗಿಲಲ್ಲಿ ಕೂಗುವ ಯಂತ್ರ. ಆಸೆ ಹುಟ್ಟಿಸುವ ವ್ಯವಸ್ಥೆಯೂ ಹಿಡಿದುಹಾಕುವ ವ್ಯವಸ್ಥೆಯೂ ಒಟ್ಟಿಗೆ ಬೆಳೆದಿವೆ. ಹಿಂದೆ ಗೊತ್ತೇ ಆಗದೆ ಹೋಗುತ್ತಿದ್ದ ಕಳವು ಈಗ ಕ್ಯಾಮರಾದಲ್ಲಿ ಸಿಗುತ್ತದೆ.

ಹೀಗೆ ಸಿಗುವವರೆಲ್ಲ ಒಂದೇ ತರದವರಲ್ಲ. ಒಂದು, ತಂಡ. ನಾಲ್ಕೈದು ಮಂದಿ ಒಟ್ಟಿಗೆ ಬರುತ್ತಾರೆ. ಇಬ್ಬರು ಸೇಲ್ಸ್‌ಮನ್‌ನನ್ನು 'ಅದು ತೋರಿಸಿ, ಇದು ತೋರಿಸಿ' ಎಂದು ಮಾತಿಗೆ ಹಿಡಿಯುತ್ತಾರೆ, ಉಳಿದವರು ರೇಷ್ಮೆ ಸೀರೆಯ ಕಟ್ಟನ್ನೇ ಮಾಯ ಮಾಡುತ್ತಾರೆ. ಚಿನ್ನದಂಗಡಿಯಲ್ಲಾದರೆ ಅಸಲಿ ಉಂಗುರ ತೆಗೆದು ನಕಲಿ ಇಡುತ್ತಾರೆ. ಇವರಿಗೆ ಇದೇ ಕಸುಬು. ಎರಡು, ಒಳಗಿನವರು. ಸ್ಟಾಕ್ ಎಣಿಸುವಾಗ, ಗಲ್ಲಾ ಲೆಕ್ಕ ಹಾಕುವಾಗ ಮಾತ್ರ ಗೊತ್ತಾಗುವ ಕಳವು ಇದು.

ಮೂರನೆಯವರು ಹದಿಹರೆಯದ ಮಕ್ಕಳು. ಪರ್ಫ್ಯೂಮ್, ಇಯರ್‌ಫೋನ್, ಲಿಪ್‌ಸ್ಟಿಕ್, ಚಾಕೊಲೇಟ್. ಎಷ್ಟೋ ಸಲ ಕಿಸೆಯಲ್ಲಿ ದುಡ್ಡಿದ್ದರೂ ಗೆಳೆಯರ ಎದುರು ಧೈರ್ಯ ತೋರಿಸಲು ಎತ್ತಿಕೊಳ್ಳುತ್ತಾರೆ. ನಾಲ್ಕನೆಯವರು ನಿಜವಾಗಿಯೂ ಕಷ್ಟದಲ್ಲಿರುವವರು. ಮಗುವಿನ ಹಾಲಿನ ಪುಡಿ ಡಬ್ಬವನ್ನು ಸೆರಗಿನಡಿ ಇಟ್ಟುಕೊಳ್ಳುವ ತಾಯಿ ಕಸುಬಿನ ಕಳ್ಳಿ ಅಲ್ಲ. ಐದನೆಯವರು ಮಾದಕ ವಸ್ತುವಿಗೆ ಬಿದ್ದವರು. ಇವತ್ತು ಹೆಡ್‌ಫೋನ್, ನಾಳೆ ಮನೆಯವರದ್ದೇ ಬಳೆ. ಇನ್ನು ಕೆಲವರು ಕಾಯಿಲೆಯವರು. ಮರೆವಿನ ಕಾಯಿಲೆ ಶುರುವಾದ ವಯಸ್ಸಾದವರು ಬಿಲ್ ಕೊಡದೆ ಹೊರಗೆ ನಡೆದುಬಿಡುವುದುಂಟು. ಬೇಡದಿದ್ದರೂ ಕದಿಯದೆ ಇರಲಾಗದ 'ಕ್ಲೆಪ್ಟೊಮೇನಿಯಾ' ಎಂಬ ಮನೋರೋಗವೂ ಇದೆ, ಆದರೆ ಅದು ಅಪರೂಪ. ಸಿಕ್ಕಿಬಿದ್ದವರೆಲ್ಲ ಅದರ ಹೆಸರು ಹೇಳಿದರೆ ನಂಬಬೇಕಾಗಿಲ್ಲ.

ಇಷ್ಟೆಲ್ಲ ವ್ಯತ್ಯಾಸ ಇರುವಾಗ ಎಲ್ಲರಿಗೂ ಒಂದೇ ಮದ್ದು ಹೇಗೆ ಆದೀತು?

ಕಾನೂನಿನಲ್ಲಿ ಬದಲಾದದ್ದೇನು?

ಹಳೆಯ ಐಪಿಸಿಯಲ್ಲಿ ಅಂಗಡಿ ಕಳವು ಎಂಬ ಪ್ರತ್ಯೇಕ ಅಪರಾಧ ಇರಲಿಲ್ಲ. ಕಳವು ಎಂದರೆ ಕಳವು, ಸೆಕ್ಷನ್ 379. ಹತ್ತು ರೂಪಾಯಿಯ ಪೆನ್ನಾದರೂ ಹತ್ತು ಸಾವಿರದ ಸೀರೆಯಾದರೂ ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬಹುದಿತ್ತು, ವಾರಂಟ್ ಇಲ್ಲದೆ ಬಂಧಿಸಬಹುದಿತ್ತು. ಜಾಮೀನು ಹಕ್ಕಾಗಿ ಸಿಗುತ್ತಿರಲಿಲ್ಲ.

ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು ಸೆಕ್ಷನ್ 303ರಲ್ಲಿದೆ. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಎರಡನೇ ಸಲ ಅಪರಾಧಿ ಎಂದು ತೀರ್ಮಾನವಾದರೆ ಕಡಿಮೆಯೆಂದರೂ 1 ವರ್ಷ, ಹೆಚ್ಚೆಂದರೆ 5 ವರ್ಷ ಕಠಿಣ ಸಜೆ, ಜೊತೆಗೆ ದಂಡ. ಇಲ್ಲಿಯೇ ಹೊಸ ಮಾತೊಂದು ಸೇರಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಆ ವ್ಯಕ್ತಿ ಮೊದಲ ಸಲ ಅಪರಾಧಿ ಎಂದು ಸಾಬೀತಾದರೆ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದ ಮೇಲೆ ಅವರಿಗೆ ಸಮುದಾಯ ಸೇವೆಯ ಶಿಕ್ಷೆ. ಅಂದರೆ ಸಂಬಳವಿಲ್ಲದೆ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಬೇಕು. ಏನು ಕೆಲಸ, ಎಷ್ಟು ದಿನ ಎಂಬುದನ್ನು ಮ್ಯಾಜಿಸ್ಟ್ರೇಟ್ ಹೇಳುತ್ತಾರೆ.

ಅದರ ಜೊತೆಗೆ ಇಂತಹ 5,000 ರೂಪಾಯಿಯೊಳಗಿನ ಕಳವನ್ನು ಅಸಂಜ್ಞೇಯ ಎಂದು ಮಾಡಲಾಗಿದೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಜಾಮೀನು ಹಕ್ಕಾಗಿಯೇ ಸಿಗುತ್ತದೆ.

ಇನ್ನೊಂದು ತುದಿಯನ್ನೂ ನೋಡಿ. ಅದೇ ಸಂಹಿತೆಯ ಸೆಕ್ಷನ್ 112 'ಸಣ್ಣ ಸಂಘಟಿತ ಅಪರಾಧ'ದ ಬಗ್ಗೆ ಹೇಳುತ್ತದೆ. ಗುಂಪು ಅಥವಾ ಗ್ಯಾಂಗಿನ ಸದಸ್ಯರಾಗಿ ಮಾಡುವ ಕಳವುಗಳ ಪಟ್ಟಿಯಲ್ಲಿ ಪಿಕ್‌ಪಾಕೆಟ್, ಕಾರ್ಡ್ ಸ್ಕಿಮ್ಮಿಂಗ್ ಜೊತೆಗೆ 'ಶಾಪ್ ಲಿಫ್ಟಿಂಗ್' ಎಂಬ ಪದವೇ ಅಲ್ಲಿದೆ. ಶಿಕ್ಷೆ ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ, ಜೊತೆಗೆ ದಂಡ. ಕೆಲಸದವರು ಧಣಿಯ ಸಾಮಾನು ಕದ್ದರೆ ಸೆಕ್ಷನ್ 306, ಅದೂ 7 ವರ್ಷದವರೆಗೆ. ನಮ್ಮ ಸೇಲ್ಸ್‌ಮನ್ ಹುಡುಗರು ಇದನ್ನು ಕಿವಿಗೆ ಹಾಕಿಕೊಳ್ಳಬೇಕು. 'ಐನೂರು ರೂಪಾಯಿಯ ಶರ್ಟ್ ಅಲ್ವಾ' ಎಂದರೆ ಆಗುವುದಿಲ್ಲ. 5,000 ರೂಪಾಯಿಯ ರಿಯಾಯಿತಿ ಈ ಸೆಕ್ಷನ್‌ನಲ್ಲಿ ಇಲ್ಲ.

ಮತ್ತೊಂದು ತೊಡಕೂ ಇದೆ. ಸಾಮಾನು ಕಾಪಿಡುವ ಕಟ್ಟಡದ ಒಳಗಿನಿಂದ ಕದಿಯುವುದು ಸೆಕ್ಷನ್ 305ರ ಅಡಿಯೂ ಬರಬಹುದು. ಹಳೆಯ ಐಪಿಸಿಯ 380 ಇದ್ದ ಹಾಗೆ. ಅದಕ್ಕೂ 7 ವರ್ಷದವರೆಗೆ ಸಜೆ, ಅಲ್ಲಿಯೂ ಆ ರಿಯಾಯಿತಿ ಇಲ್ಲ. ಒಂದೇ ಘಟನೆಗೆ 303 ಹಾಕಿದರೆ ಸಮುದಾಯ ಸೇವೆಯವರೆಗೆ ಬರಬಹುದು, 305 ಹಾಕಿದರೆ ದಾರಿಯೇ ಬೇರೆ. ಮನೆಯವರ ಮೇಲೆ ಕೇಸು ಬಂದಾಗ 'ಯಾವ ಸೆಕ್ಷನ್ ಹಾಕಿದ್ದಾರೆ' ಎಂದು ವಕೀಲರಲ್ಲಿ ಮೊದಲು ಕೇಳಬೇಕಾದದ್ದು ಅದಕ್ಕೇ.

ಕೋರ್ಟಿಗೆ ಬರುವ ಕೇಸುಗಳ ಸ್ವರೂಪ ಇದರಿಂದ ಬದಲಾಗದೆ ಇರುವುದಿಲ್ಲ. ಸಣ್ಣ ಮೊತ್ತದ, ಮೊದಲ ಸಲದ ಪ್ರಕರಣಗಳು ಎಫ್‌ಐಆರ್ ಆಗದೆ ಠಾಣೆಯ ಪುಸ್ತಕದಲ್ಲೇ ನಿಲ್ಲುತ್ತವೆ. ತಂಡದವರದ್ದು, ದೊಡ್ಡ ಮೊತ್ತದ್ದು, ಕೆಲಸದವರದ್ದು ಮುಂದೆ ಹೋಗುತ್ತವೆ. ಎಫ್‌ಐಆರ್ ಪಟ್ಟಿ ನೋಡಿ ಊರಿನಲ್ಲಿ ಕಳವು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವುದು ಇನ್ನು ಕಷ್ಟ.

ಧಣಿಗಳ ಸಿಟ್ಟು ಸುಳ್ಳಲ್ಲ

ಅಂಗಡಿಯವರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ. 'ನಾಲ್ಕೂವರೆ ಸಾವಿರದ ಸಾಮಾನು ಹೋದರೆ ಪೊಲೀಸರು ಬರುವುದಿಲ್ಲವಂತೆ. ಕಳ್ಳನಿಗೆ ಸಮುದಾಯ ಸೇವೆಯಂತೆ. ನಾವೆಂತ ಧರ್ಮಛತ್ರ ಇಟ್ಟುಕೊಂಡಿದ್ದೇವಾ?' ಈ ಪ್ರಶ್ನೆ ನ್ಯಾಯವಾದದ್ದೇ. ಬಾಡಿಗೆ, ಕರೆಂಟು, ಸಂಬಳ, ಜಿಎಸ್‌ಟಿ ಕಳೆದು ದಿನಸಿ ಅಂಗಡಿಯವರಿಗೆ ಉಳಿಯುವುದು ಬಹಳ ತೆಳ್ಳಗಿನ ಲಾಭ. ಸಾವಿರ ರೂಪಾಯಿಯ ಸಾಮಾನು ಕಳವಾದರೆ ಅದನ್ನು ತುಂಬಿಸಲು ಎಷ್ಟು ಸಾವಿರದ ವ್ಯಾಪಾರ ಮಾಡಬೇಕೆಂದು ಅವರಿಗೇ ಗೊತ್ತು. ಮಿತಿ ಗೊತ್ತಿದ್ದವರು ಲೆಕ್ಕ ಹಾಕಿಯೇ 5,000ದ ಒಳಗೆ ಎತ್ತಬಹುದು ಎಂಬ ಭಯವೂ ತಪ್ಪಲ್ಲ.

ಆದರೆ ಕಾನೂನು ಅಂಗಡಿಯವರ ಕೈ ಪೂರ್ತಿ ಕಟ್ಟಿಹಾಕಿಲ್ಲ. ಕದ್ದ ಸಾಮಾನನ್ನು ಅಲ್ಲೇ ತಡೆದು ವಾಪಸ್ ಪಡೆಯುವ ಹಕ್ಕು ಇದೆ. ಸಣ್ಣ ಮೊತ್ತವಾದರೂ ಠಾಣೆಗೆ ಲಿಖಿತ ಮಾಹಿತಿ ಕೊಡಬಹುದು, ಅಸಂಜ್ಞೇಯ ವರದಿ ಎಂದು ಅದನ್ನು ಅವರು ದಾಖಲಿಸಿಕೊಳ್ಳಬೇಕು. ಅದೇ ಮುಖ ಮೂರು ಅಂಗಡಿಗಳ ದೂರಿನಲ್ಲಿ ಕಂಡರೆ ಅದು ಗ್ಯಾಂಗಿನ ಕೆಲಸ ಎಂದು ತೋರಿಸಲು ದಾಖಲೆಯಾಗುತ್ತದೆ. ದೂರೇ ಕೊಡದೆ ನಾಲ್ಕೇಟು ಬಾರಿಸಿ ಕಳಿಸಿದರೆ ಆ ತಂಡ ಮರುದಿನ ಪಕ್ಕದ ಊರಿನ ಅಂಗಡಿಗೆ ಹೋಗುತ್ತದೆ, ಅಷ್ಟೇ.

ಸಿಸಿಟಿವಿ ದೃಶ್ಯ ಫೇಸ್‌ಬುಕ್‌ಗಿಂತ ಮೊದಲು ಪೊಲೀಸರಿಗೆ ಹೋಗಬೇಕು. ಕೆಲವು ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಹಾಗಾಗಿ ಅದೇ ದಿನ ಬೇರೆ ಕಡೆ ಕಾಪಿ ಮಾಡಿ ಇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸಾಮಾನಿನ ಖರೀದಿ ಬಿಲ್, ಸ್ಟಾಕ್ ಪುಸ್ತಕ ಇಟ್ಟುಕೊಳ್ಳಿ. ಇಷ್ಟು ಇದ್ದರೆ ಕೇಸು ನಿಲ್ಲುತ್ತದೆ.

ಗಡಿ ದಾಟಿದರೆ ಏನಾಗುತ್ತದೆ?

ಸಿಕ್ಕಿಬಿದ್ದವರನ್ನು ಗೋಡೌನಿನಲ್ಲಿ ಗಂಟೆಗಟ್ಟಲೆ ಕೂರಿಸುವುದು ಕೆಲವು ಕಡೆ ಅಭ್ಯಾಸ. ಖಾಸಗಿ ವ್ಯಕ್ತಿಯೊಬ್ಬ ತನ್ನ ಕಣ್ಣೆದುರು ನಡೆದ, ಜಾಮೀನು ಸಿಗದ ಸಂಜ್ಞೇಯ ಅಪರಾಧದಲ್ಲಿ ಮಾತ್ರ ಆರೋಪಿಯನ್ನು ಹಿಡಿದಿಡಬಹುದು. ಹಾಗೆ ಹಿಡಿದರೂ ತಡಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40. 5,000 ರೂಪಾಯಿಯೊಳಗಿನ ಸಾದಾ ಕಳವಿಗೆ ಈ ಅಧಿಕಾರವೂ ಗಟ್ಟಿಯಿಲ್ಲ. ಕೂಡಿಹಾಕಿದರೆ ಅಕ್ರಮ ಬಂಧನದ ಕೇಸು, ಹೊಡೆದರೆ ಹಲ್ಲೆಯ ಕೇಸು. ಮೈ ಮುಟ್ಟಿ ತಪಾಸಣೆ ಮಾಡುವ ಅಧಿಕಾರವನ್ನು ಯಾವ ಕಾನೂನೂ ಅಂಗಡಿಯ ಸೆಕ್ಯೂರಿಟಿಗೆ ಕೊಟ್ಟಿಲ್ಲ.

'ಇನ್ನೂರು ರೂಪಾಯಿಯ ಸಾಮಾನಿಗೆ ಐದು ಸಾವಿರ ಕೊಡು, ಇಲ್ಲದಿದ್ದರೆ ನಿನ್ನ ವಿಡಿಯೊ ಎಲ್ಲ ಗ್ರೂಪಿಗೂ ಬಿಡುತ್ತೇವೆ' ಎಂದು ಹೇಳುವುದು ದಂಡ ವಸೂಲಿ ಎಂದು ಕೆಲವರು ತಿಳಿದಿದ್ದಾರೆ. ಕಾನೂನಿನ ಕಣ್ಣಿನಲ್ಲಿ ಅದು ಸುಲಿಗೆ ಆಗಬಹುದು. ಮಾನಕ್ಕೆ ಆಗುವ ಹಾನಿಯೂ ಕಾನೂನಿನಲ್ಲಿ ಹಾನಿಯೇ. ಸುಲಿಗೆಗೆ ಹೊಸ ಸಂಹಿತೆಯಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಸಣ್ಣ ಕಳ್ಳನ ಶಿಕ್ಷೆಗಿಂತ ಧಣಿಯ ಶಿಕ್ಷೆ ದೊಡ್ಡದಾಗುವ ಲೆಕ್ಕ ಇದು.

ಗುಂಪಿನ ಕೈಗೆ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಪಕ್ಕದ ಕೇರಳದ ಅಟ್ಟಪ್ಪಾಡಿ ಸಾಕ್ಷಿ. 2018ರ ಫೆಬ್ರವರಿ 22ರಂದು ಮಧು ಎಂಬ ಆದಿವಾಸಿ ಯುವಕನನ್ನು ಅಂಗಡಿಯಿಂದ ಅಕ್ಕಿ, ಸಾಮಾನು ಕದ್ದ ಎಂದು ಹಿಡಿದು, ಕೈ ಕಟ್ಟಿ ಹೊಡೆದರು. ಅವನ ಎದುರು ನಿಂತು ಸೆಲ್ಫಿ ತೆಗೆದುಕೊಂಡರು. ಅವತ್ತೇ ಅವನು ಸತ್ತ. 2023ರ ಏಪ್ರಿಲ್‌ನಲ್ಲಿ ಮಣ್ಣಾರ್ಕಾಡ್‌ನ ವಿಶೇಷ ಕೋರ್ಟ್ 16 ಆರೋಪಿಗಳಲ್ಲಿ 14 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, 13 ಮಂದಿಗೆ ತಲಾ 7 ವರ್ಷ ಕಠಿಣ ಸಜೆ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಮನೆ, ಮಕ್ಕಳು, ಕೆಲಸ ಇದ್ದ ಸಾಮಾನ್ಯ ಜನ. ಕೊಲ್ಲಬೇಕೆಂದು ಮನೆಯಿಂದ ಹೊರಟವರಲ್ಲ. 'ಎರಡು ಕೊಟ್ಟರೆ ಬುದ್ಧಿ ಬರ್ತದೆ' ಎನ್ನುವಲ್ಲಿಂದಲೇ ಇಂಥದ್ದೆಲ್ಲ ಶುರುವಾಗುವುದು.

ಸಿಕ್ಕಿಬಿದ್ದವರು 18ರ ಒಳಗಿನವರಾದರೆ ಇನ್ನೂ ಎಚ್ಚರಿಕೆ ಬೇಕು. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರ ಪ್ರಕಾರ ಇಂತಹ ಮಗುವಿನ ಹೆಸರು, ಫೋಟೊ, ಶಾಲೆ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ. ಮಾಡಿದವರಿಗೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 'ನಾನು ಫಾರ್ವರ್ಡ್ ಮಾಡಿದ್ದು ಮಾತ್ರ' ಎಂದರೆ ಅದು ರಕ್ಷಣೆಯಲ್ಲ.

ಹೆತ್ತವರು ಮಾಡುವ ಅವಸರ

ಈಗ ಕೌಂಟರಿನ ಈ ಬದಿಗೆ ಬರೋಣ. ಮಗನನ್ನೋ ಮಗಳನ್ನೋ ಹಿಡಿದಿದ್ದಾರೆ ಎಂದು ಫೋನು ಬಂದಾಗ ಮನೆಯಲ್ಲಿ ಕೈಕಾಲು ಬಿದ್ದುಹೋಗುತ್ತದೆ. ಉಪ್ಪ ಗಲ್ಫಿನಲ್ಲಿ, ಇಲ್ಲಿ ಉಮ್ಮ ಒಬ್ಬರೇ. 'ಹೇಗಾದರೂ ಮಾಡಿ ಮುಗಿಸಿ, ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡ' ಎನ್ನುವುದು ಒಂದೇ ಯೋಚನೆ. ಈ ಅವಸರದಲ್ಲೇ ದೊಡ್ಡ ನಷ್ಟ ಆಗುವುದು.

ಮೊದಲ ಅವಸರ, ಕೇಳಿದಷ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ವಸ್ತುವಿನ ಬೆಲೆ ಕೊಡಿ, ಕ್ಷಮೆ ಕೇಳಿ, ಬಿಲ್ ಪಡೆಯಿರಿ. ಅದರ ಹತ್ತು ಪಟ್ಟು ಕೇಳಿದರೆ ಕೊಡಬೇಕಾಗಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಕೇಸು ಕೋರ್ಟಿಗೆ ಬಂದ ಮೇಲೆ 'ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ, ವರ್ಷಗಟ್ಟಲೆ ಅಲೆಯುವುದು ಯಾರಿಗೆ ಬೇಕು ಮಾರಾಯ್ರೆ' ಎಂದು ಯಾರೋ ಹೇಳುತ್ತಾರೆ. ಸಾವಿರವೋ ಎರಡು ಸಾವಿರವೋ ಕಟ್ಟಿ ಮನೆಗೆ ಬರುತ್ತಾರೆ. ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ದಾಖಲೆಯಲ್ಲಿ ಅದು 'ಅಪರಾಧ ಸಾಬೀತು'. ಮುಂದೆ ಸರಕಾರಿ ಕೆಲಸದ ಅರ್ಜಿಯಲ್ಲಿ 'ನಿಮ್ಮ ಮೇಲೆ ಶಿಕ್ಷೆಯಾಗಿದೆಯೇ' ಎಂಬ ಕಾಲಂ ಎದುರಾಗುತ್ತದೆ. ಹೊರದೇಶದ ಕೆಲಸಕ್ಕೆ ಕಂಪೆನಿಯವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದಾಗ ತೊಡಕಾಗುತ್ತದೆ. ಮತ್ತೊಂದು ಸಲ ಏನಾದರೂ ಆದರೆ ಅದು 'ಎರಡನೇ ಸಲ', ಕನಿಷ್ಠ 1 ವರ್ಷ ಜೈಲು.

ಕೇಸು ಬಾಕಿ ಇಟ್ಟು ಸುಮ್ಮನಿರುವುದೂ ಅಪಾಯವೇ. ಪಾಸ್‌ಪೋರ್ಟ್ ಕಾಯ್ದೆ 1967ರ ಸೆಕ್ಷನ್ 6ರ ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಪ್ರಕರಣ ಬಾಕಿ ಇರುವುದು ಪಾಸ್‌ಪೋರ್ಟ್ ನಿರಾಕರಿಸಲು ಒಂದು ಕಾರಣ. ಕೋರ್ಟಿನ ಅನುಮತಿ ತಂದರೆ ಮಾತ್ರ ದಾರಿ. ಕೋರ್ಟಿನ ಸಮನ್ಸ್‌ಗೆ ಬಾರದೆ ಗಲ್ಫಿಗೆ ಹಾರಿದವರ ಮೇಲೆ ವಾರಂಟ್ ಆಗುತ್ತದೆ, ರಜೆಗೆ ಬಂದಾಗ ಏರ್‌ಪೋರ್ಟಿನಲ್ಲೇ ತಡೆಯುವ ಸಂದರ್ಭವೂ ಬರಬಹುದು. ಪ್ರತಿ ಮನೆಯಿಂದ ಒಬ್ಬರಾದರೂ ಹೊರದೇಶದಲ್ಲಿರುವ ನಮ್ಮಂತಹ ಊರುಗಳಲ್ಲಿ ಒಂದು ಇಯರ್‌ಫೋನ್‌ನ ಆಸೆ ಒಂದು ಸಂಸಾರದ ದುಡಿಮೆಯನ್ನೇ ನಿಲ್ಲಿಸಬಹುದು.

ಹಾಗಾದರೆ ಸರಿಯಾದ ದಾರಿ ಯಾವುದು? ಮೂರಿವೆ. ಒಂದು, ರಾಜಿ. ಸೆಕ್ಷನ್ 303ರ ಕಳವಿನಲ್ಲಿ ಸಾಮಾನಿನ ಮಾಲಕರು ಒಪ್ಪಿದರೆ ಕಾನೂನು ಪ್ರಕಾರವೇ ರಾಜಿ ಮಾಡಿಕೊಳ್ಳಬಹುದು. ಕೋರ್ಟಿನಲ್ಲಿ ದಾಖಲಾದ ರಾಜಿಗೆ ಖುಲಾಸೆಯ ಬೆಲೆಯಿದೆ, 'ಅಪರಾಧಿ' ಎಂಬ ಹಣೆಪಟ್ಟಿ ಬೀಳುವುದಿಲ್ಲ. ಲೋಕ ಅದಾಲತ್‌ನಲ್ಲೂ ಇದನ್ನು ಮುಗಿಸಬಹುದು. ಅಂಗಡಿಯ ಹೊರಗೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ರಾಜಿಯಿಂದ ಕೋರ್ಟಿನ ಕೇಸು ತನ್ನಷ್ಟಕ್ಕೆ ಮುಗಿಯುವುದಿಲ್ಲ ಎಂಬುದು ನೆನಪಿರಲಿ.

ಎರಡು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಹಿಂದೆ ಶಿಕ್ಷೆಯಾಗದವರನ್ನು ಕಳವಿನ ಪ್ರಕರಣದಲ್ಲಿ ಎಚ್ಚರಿಕೆ ಕೊಟ್ಟು ಬಿಡಲು ಅಥವಾ ಸನ್ನಡತೆಯ ಮುಚ್ಚಳಿಕೆ ಮೇಲೆ ಬಿಡಲು ಕೋರ್ಟಿಗೆ ಅಧಿಕಾರವಿದೆ. 21 ವರ್ಷದೊಳಗಿನವರನ್ನು ಇಂತಹ ಅಪರಾಧಕ್ಕೆ ಜೈಲಿಗೆ ಕಳಿಸಬೇಕಾದರೆ ಕೋರ್ಟ್ ಅದಕ್ಕೆ ಕಾರಣ ಬರೆಯಬೇಕು. ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದೇ ಕಾಯ್ದೆಯ ಸೆಕ್ಷನ್ 12 ಹೇಳುತ್ತದೆ. ಆದರೆ ಇದನ್ನು ಕೇಳಬೇಕು. ಕೇಳಲು ಒಬ್ಬ ವಕೀಲ ಬೇಕು.

ಮೂರು, ಮಕ್ಕಳ ವಿಷಯ. 18ರೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಸಣ್ಣ ಕಳವಿಗೆ ಎಫ್‌ಐಆರ್ ಇಲ್ಲ. ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. ಬುದ್ಧಿಮಾತು, ಕೌನ್ಸೆಲಿಂಗ್, ಸಮುದಾಯ ಸೇವೆ ಇವೇ ಅಲ್ಲಿನ ದಾರಿಗಳು. ಠಾಣೆಯಲ್ಲಿ ಮಗುವಿನ ವಯಸ್ಸನ್ನು ಮೊದಲು ಹೇಳಿ, ಶಾಲಾ ಸರ್ಟಿಫಿಕೇಟ್ ಕೊಂಡುಹೋಗಿ.

ವಕೀಲರಿಗೆ ದುಡ್ಡಿಲ್ಲ ಎನ್ನುವ ಮಾತು ಹೆಂಗಸರಿಗೂ ಮಕ್ಕಳಿಗೂ ಬಂಧನದಲ್ಲಿರುವವರಿಗೂ ಅನ್ವಯಿಸುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಅವರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನಲ್ಲೇ ಪ್ರಾಧಿಕಾರದ ಕಚೇರಿ ಇದೆ. ಸಹಾಯವಾಣಿ 15100.

ಒಬ್ಬರು ಕದ್ದರೆ ಎಲ್ಲರ ಬುರ್ಖಾ ನೋಡುವುದು

ಅಂಗಡಿ ಕಳವಿನ ಸಿಸಿಟಿವಿ ದೃಶ್ಯದಲ್ಲಿ ಬುರ್ಖಾ ಕಂಡರೆ ಸಾಕು, ಕ್ಯಾಪ್ಶನ್ ಆ ಬಟ್ಟೆಯಿಂದಲೇ ಶುರುವಾಗುತ್ತದೆ. ಚೂಡಿದಾರ್ ಹಾಕಿಕೊಂಡು ಕದ್ದರೆ 'ಚೂಡಿದಾರ್‌ಧಾರಿ' ಎಂದು ಯಾರೂ ಬರೆಯುವುದಿಲ್ಲ. ಮುಖ ಮುಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ಬುರ್ಖಾ ಹಾಕಿ ಬರುವ ಕಳ್ಳರಿದ್ದಾರೆ, ಗಂಡಸರೂ ಹಾಗೆ ಸಿಕ್ಕಿಬಿದ್ದದ್ದುಂಟು. ಇದರ ಬೆಲೆ ತೆರುವವರು ಮರುದಿನ ಅದೇ ಅಂಗಡಿಗೆ ಹೋಗುವ ನಮ್ಮ ಉಮ್ಮಂದಿರು, ತಂಗಿಯರು. ಅವರ ಬೆನ್ನ ಹಿಂದೆ ಸೆಕ್ಯೂರಿಟಿ ನಡೆಯುತ್ತಾನೆ, ಅವರ ಚೀಲ ಮಾತ್ರ ತೆರೆಯಬೇಕಾಗುತ್ತದೆ. ಚೀಲ ನೋಡುವ ನಿಯಮ ಇದ್ದರೆ ಎಲ್ಲ ಗಿರಾಕಿಗೂ ಇರಲಿ, ಇಲ್ಲದಿದ್ದರೆ ಯಾರಿಗೂ ಬೇಡ. ಬಾಗಿಲಲ್ಲೇ ಟೋಕನ್ ಕೊಟ್ಟು ಚೀಲ ಇಟ್ಟುಕೊಂಡರೆ ಈ ಪ್ರಶ್ನೆಯೇ ಇಲ್ಲ.

ಇದರ ಜೊತೆಗೆ ನಮ್ಮವರೇ ನಡೆಸುವ ಅಂಗಡಿಗಳನ್ನೂ ನೋಡಿಕೊಳ್ಳಬೇಕು. ಬೇರೆ ರಾಜ್ಯದ ಕೂಲಿ ಕೆಲಸದವರು ಒಳಗೆ ಬಂದರೆ ನಮ್ಮ ಕಣ್ಣು ಹೇಗೆ ಹಿಂಬಾಲಿಸುತ್ತದೆ? ಅವರು ಉಣ್ಣಿಯಪ್ಪದ ಪ್ಯಾಕೆಟ್ ಮುಟ್ಟಿದರೂ 'ಏಯ್' ಎನ್ನುವುದುಂಟಲ್ಲ. ನಮ್ಮ ಹೆಂಗಸರಿಗೆ ಆದಾಗ ನೋಯುವುದು ಅವರಿಗೂ ನೋಯುತ್ತದೆ.

ಜಮಾಅತ್ ಏನು ಮಾಡಬಹುದು

ಕಳವು ಹರಾಂ ಎಂದು ನಮ್ಮ ಮಕ್ಕಳಿಗೆ ಮದ್ರಸದ ಮೊದಲ ಕ್ಲಾಸಿನಲ್ಲೇ ಗೊತ್ತು. ಕದ್ದದ್ದನ್ನು ಹಕ್ಕುದಾರರಿಗೆ ಮರಳಿಸದೆ ತೌಬಾ ಪೂರ್ತಿಯಾಗುವುದಿಲ್ಲ ಎಂಬುದೂ ಉಸ್ತಾದರು ಹೇಳಿಕೊಡುವ ಪಾಠ. ಮರಳಿಸು, ಮತ್ತೆ ಸಮಾಜಕ್ಕೆ ದುಡಿ ಎಂದು ಹೊಸ ಕಾನೂನು ಹೇಳುವಾಗ ಅದು ನಮಗೆ ಹೊಸದಾಗಿ ಕೇಳಬೇಕಾಗಿಲ್ಲ. ಬಾಕಿ ಇರುವುದು ಕಾರ್ಯರೂಪ.

ಹಿಡಿದ ಮಗುವಿನ ಹೆಸರು ಮಸೀದಿಯ ಅಂಗಳದಲ್ಲಿ ಚರ್ಚೆಗೆ ಬರಬಾರದು. ಖತೀಬರೋ ಕಮಿಟಿಯ ಹಿರಿಯರೊಬ್ಬರೋ ಅಂಗಡಿಯವರನ್ನೂ ಹೆತ್ತವರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಮಾತನಾಡಲಿ. ದಿನಸಿ ಕದ್ದ ಮನೆಯಿದ್ದರೆ ಅಲ್ಲಿ ಒಲೆ ಉರಿಯುತ್ತಿದೆಯೇ ಎಂದು ನೋಡಿ, ಝಕಾತ್ ಪಟ್ಟಿಯಲ್ಲಿ ಆ ಮನೆ ಏಕೆ ತಪ್ಪಿಹೋಯಿತು ಎಂದು ಕೇಳಿಕೊಳ್ಳಲಿ. ಹುಡುಗನ ಹಿಂದೆ ಮಾದಕ ವಸ್ತು ಇದ್ದರೆ ಅವನಿಗೆ ಬೇಕಾದದ್ದು ಡಾಕ್ಟರು. ಬೈಗುಳದಿಂದ ಆ ಚಟ ಬಿಡುವುದಿಲ್ಲ. ಮಂಗಳೂರಿನಲ್ಲಿ ಮನೋರೋಗ ತಜ್ಞರಿಗೆ ಬರ ಇಲ್ಲ, ಕರೆದುಕೊಂಡು ಹೋಗುವವರಿಗೆ ಬರ.

ಸಮುದಾಯ ಸೇವೆಯ ಶಿಕ್ಷೆ ಕಾಗದದಲ್ಲೇ ಉಳಿಯದಿರಲು ಜಾಗ ಬೇಕು. ವೆನ್‌ಲಾಕ್, ಲೇಡಿಗೋಷನ್ ಆಸ್ಪತ್ರೆಗಳಲ್ಲಿ, ಸರಕಾರಿ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಕೈಗಳು ಎಷ್ಟಿದ್ದರೂ ಬೇಕು. ವ್ಯಾಪಾರಿಗಳ ಸಂಘಗಳೂ ಜಮಾಅತ್‌ಗಳೂ ಒಟ್ಟಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಇಂತಹ ಜಾಗಗಳ ಪಟ್ಟಿ ಕೊಟ್ಟು, ಮೇಲ್ವಿಚಾರಣೆಗೆ ಜನ ಕೊಡುತ್ತೇವೆ ಎಂದು ಹೇಳಬಹುದು. ತೀರ್ಮಾನ ಕೋರ್ಟಿನದ್ದು, ಆದರೆ ದಾರಿ ಸುಲಭ ಮಾಡಿಕೊಡುವುದು ನಮ್ಮಿಂದ ಆಗುವ ಕೆಲಸ.

ಅಂಗಡಿಯವರಲ್ಲಿ ನನ್ನದು ಒಂದು ವಿನಂತಿ. ಗಲ್ಲಾದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಡಿ, ಕೆಲಸದ ಹುಡುಗರಿಗೆ ಓದಿ ಹೇಳಿ. ಸಿಕ್ಕಿಬಿದ್ದವರು ಮಕ್ಕಳಾದರೆ ಮನೆಯವರಿಗೆ ಫೋನು. ಮೊದಲ ಸಲದ ಸಣ್ಣ ವಸ್ತುವಾದರೆ ಸಾಮಾನು ವಾಪಸ್ ಅಥವಾ ಬಿಲ್, ಪುಸ್ತಕದಲ್ಲಿ ಒಂದು ಗೆರೆ. ತಂಡವಾದರೆ, ಎರಡನೇ ಸಲವಾದರೆ, ದೊಡ್ಡ ಮೊತ್ತವಾದರೆ ತಡಮಾಡದೆ ಪೊಲೀಸ್ ದೂರು. ಯಾರೇ ಆಗಲಿ, ಕೈ ಎತ್ತುವಂತಿಲ್ಲ, ಮೊಬೈಲ್ ಎತ್ತುವಂತಿಲ್ಲ. ಮುಂದಿನ ಪೆರ್ನಾಲ್ ಸೀಸನ್ ಶುರುವಾಗುವ ಮೊದಲು ಈ ಚೀಟಿ ನಿಮ್ಮ ಅಂಗಡಿಯಲ್ಲಿ ಇರಲಿ.